ಅಂಗನವಾಡಿಯ ಗಂಗಮ್ಮನೂ ಬೊಮ್ಮಮ್ಮನ ಹಾರೆಯೂ

ಸಿಮೆಂಟಿನ ನೆಲ ಒದ್ದೆಯಾದರೆ ಜನ ಕಾರಣ ಹುಡುಕುತ್ತಾರೆ ಅಂತ ನೀವು ತಿಳಿದಿದ್ದರೆ, ನೀವು ಸುಂಕದಗುಡ್ಡಕ್ಕೆ ಬಂದವರಲ್ಲ. ಅಲ್ಲಿ ನೆಲ ಒದ್ದೆಯಾದರೆ ಕಾಯಿ ಒಡೆಯುತ್ತಾರೆ.

ಕೊಟ್ಟೂರಿನಿಂದ ಹರಪನಹಳ್ಳಿ ಕಡೆಗೆ ಹೋಗುವ ಬಸ್ಸಿನಲ್ಲಿ ಅರ್ಧ ದಾರಿಗೆ ಇಳಿದು, ಬಳ್ಳಾರಿ ಜಾಲಿಯ ನಡುವೆ ನಡೆದರೆ ಆ ಊರು. ಎರಡು ಸಾವಿರದ ಎರಡನೇ ಇಸವಿಯ ಬೇಸಿಗೆಯಲ್ಲಿ ಅಲ್ಲಿಯ ಅಂಗನವಾಡಿಯ ನೆಲದಲ್ಲಿ ಸಾಕ್ಷಾತ್ ಗಂಗಮ್ಮ ಎದ್ದಳು. ಆಕೆಯನ್ನು ಮೊದಲು ಕಂಡವಳು, ಮೊದಲು ಕೈಮುಗಿದವಳು, ಕಡೆಗೆ ಹಾರೆ ಹಾಕಿ ಎಬ್ಬಿಸಿದವಳು ಮೂವರೂ ಒಬ್ಬಳೇ. ಅಂಗನವಾಡಿಯ ಆಯಾ ಬೊಮ್ಮಮ್ಮ.

ಬೊಮ್ಮಮ್ಮ ಹುಟ್ಟಿದ್ದು ಹಿರೇಹಡಗಲಿಯಲ್ಲಿ. ಲಗ್ನವಾಗಿ ಸುಂಕದಗುಡ್ಡಕ್ಕೆ ಬಂದ ಮೇಲೆ ಗಂಡ ಜೋಗಪ್ಪನ ಜೊತೆ ಕೊಟ್ಟೂರಿನ ಒಂದು ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕೆ ನಿಂತಳು. ಹೊಗೆಗೆ ಕಣ್ಣು ಕೆಟ್ಟುಹೋಗುವ ಹೊತ್ತಿಗೆ ಊರಿನಲ್ಲಿ ಆಯಾ ಕೆಲಸ ಸಿಕ್ಕಿತು. ಮಕ್ಕಳ ಮೂಗು ಒರೆಸುವುದು, ಹಿಟ್ಟು ಬೇಯಿಸುವುದು, ಕಸ ಹೊಡೆಯುವುದು, ಟೀಚರ್ ಸುಮಂಗಲಾ ಕೊಟ್ಟೂರಿನ ಬಸ್ಸು ತಪ್ಪಿಸಿಕೊಂಡ ದಿನ ಟೀಚರೂ ಆಗುವುದು. ಎತ್ತರದ ಹೆಂಗಸು, ಬಾಯಿ ದೊಡ್ಡದು. ಆಕೆ ಓಣಿಯಲ್ಲಿ ನಿಂತು ಮಕ್ಕಳನ್ನು ಕರೆದರೆ ಎಮ್ಮೆಗಳೂ ತಿರುಗಿ ನೋಡುತ್ತಿದ್ದವು.

ಆ ಅಂಗನವಾಡಿ ಕಟ್ಟಿದ್ದು ಪಂಚಾಯ್ತಿ ಮೆಂಬರ್ ಪಾಲಯ್ಯ. ಗುತ್ತಿಗೆ ಬಾಮೈದನ ಹೆಸರಿನಲ್ಲಿ, ಮೇಲ್ವಿಚಾರಣೆ ತನ್ನ ಕೈಯಲ್ಲಿ, ಉಳಿದ ಸಿಮೆಂಟು ಯಾರ ಮನೆಯಲ್ಲಿ ಅಂತ ದಯವಿಟ್ಟು ಕೇಳಬೇಡಿ. ಒಂದೇ ಕೋಣೆ. ಅದರ ಮುಂದೆ ಊರಿಗೆ ನೀರು ಕೊಡುವ ಸಿಸ್ಟರ್ನು. ಹಿಂದೆ ಪಾಲಯ್ಯನ ಮನೆ. ಈ ಮೂರೂ ಒಂದೇ ಸಾಲಿನಲ್ಲಿ ನಿಂತಿದ್ದವು ಅನ್ನುವುದನ್ನು ಊರಿನವರೆಲ್ಲ ದಿನಾ ನೋಡುತ್ತಿದ್ದರು. ನೋಡಿದ್ದಕ್ಕೂ ಯೋಚಿಸಿದ್ದಕ್ಕೂ ನಮ್ಮಲ್ಲಿ ನೆಂಟಸ್ತನ ಕಮ್ಮಿ.

ಒಂದು ಮಂಗಳವಾರ ಕಸ ಹೊಡೆಯುವಾಗ ಬೊಮ್ಮಮ್ಮ ಕೋಣೆಯ ಮೂಲೆಯಲ್ಲಿ ಅಂಗೈಯಗಲದ ಕಪ್ಪು ಕಲೆ ಕಂಡಳು. ಮುಟ್ಟಿದರೆ ತಣ್ಣಗೆ, ಹಸಿ. ಹೊರಗೆ ನೆಲ ಬಿರಿಯುವ ಬಿಸಿಲು. ಬೋರು ಕೊರೆಸಿದವರಿಗೆಲ್ಲ ಬರೀ ಧೂಳು ಸಿಕ್ಕ ವರ್ಷ ಅದು. ಹೆಂಗಸರು ಒಂದು ಕೊಡಕ್ಕಾಗಿ ಸಿಸ್ಟರ್ನಿನ ಮುಂದೆ ಬೆಳಗಿನಿಂದ ಕೂತಿರುತ್ತಿದ್ದರು. ಅಂಥ ಊರಿನಲ್ಲಿ ಸಿಮೆಂಟಿನ ಮೇಲೆ ನೀರು ಒಡೆದರೆ ಯಾವ ಹೆಂಗಸಿನ ಕೈ ಹಣೆಗೆ ಹೋಗುವುದಿಲ್ಲ? ಬೊಮ್ಮಮ್ಮ ಕಲೆಯ ಮೇಲೆ ಅರಿಶಿನ ಕುಂಕುಮ ಇಟ್ಟಳು, ಊದಿನಕಡ್ಡಿ ಹಚ್ಚಿದಳು, ಸುಮ್ಮನಿರಲಾರದೆ ಓಣಿಗೆ ಬಂದು ಹೇಳಿಯೂ ಬಿಟ್ಟಳು. ತಪ್ಪು ಆಕೆಯದೇ. ಮುಂದೆ ಅದನ್ನು ಹೊಲ ಮಾಡಿ ಉತ್ತವರು ಬೇರೆಯವರು.

ಪಾಲಯ್ಯ ಬಂದು ನೋಡಿದ. ಅವನ ಮುಖದಲ್ಲಿ ಮೊದಲು ಹೆದರಿಕೆ, ಆಮೇಲೆ ಭಕ್ತಿ ಬಂತಂತೆ. ಆ ಕ್ರಮವನ್ನು ಆಗ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ಅಬ್ಬಾ, ಗಂಗವ್ವ!" ಅಂತ ಅಡ್ಡಬಿದ್ದ. "ಯಾರೂ ಇದನ್ನ ಕೆದಕಬ್ಯಾಡ್ರಿ. ಹಾರಿ, ಪಿಕಾಸಿ ಇದರ ಹತ್ರ ಸುಳಿಬಾರದು."

ಅಲ್ಲಿಂದ ಪವಾಡಗಳ ಸುಗ್ಗಿ. ಕಪ್ಪು ಕಲೆ ಹರಡಿ ಉದ್ದವಾಯಿತು, ದೇವಿಯ ಪಾದ ಅಂದರು. ನೆಲದ ಅಂಚಿನಲ್ಲಿ, ಗೋಡೆಯ ಬುಡದಲ್ಲಿ ಬೆಳ್ಳಗೆ ಪುಡಿ ಎದ್ದಿತು, ವಿಭೂತಿ ಅಂದರು. ಅದು ಮಣ್ಣಿನಿಂದಲೂ ಸಿಮೆಂಟಿನಿಂದಲೂ ನೀರು ಎಬ್ಬಿಸಿ ತಂದ ಸವಳು ಉಪ್ಪು ಸ್ವಾಮಿ, ನಮ್ಮ ಚೌಳು ಹೊಲದ ಮೇಲೆ ದಿನಾ ಕಾಣುವಂಥದ್ದು. ಹೊಲದಲ್ಲಿದ್ದರೆ ಬೈಯುತ್ತಾರೆ, ಅಂಗನವಾಡಿಯಲ್ಲಿದ್ದರೆ ಹಣೆಗೆ ಬಳಿಯುತ್ತಾರೆ. ಬಳಿದವರು ಹಣೆ ಕೆರೆದುಕೊಂಡರು, ಅದೂ ಮಹಿಮೆಗೇ ಸೇರಿತು. ಕಾಲಿಟ್ಟರೆ ನೆಲ ಟೊಳ್ಳು ಟೊಳ್ಳಾಗಿ ಸದ್ದು ಮಾಡಿತು, ತಾಯಿ ಒಳಗೆ ಡೊಳ್ಳು ಬಾರಿಸುತ್ತಾಳೆ. ಸಿಮೆಂಟು ಸೀಳಿತು, ನಾಗರ ಹೆಡೆ. ಮುಗ್ಗಲು ವಾಸನೆ ಬಂತು, ಗಂಗೆಯ ತವರಿನ ಮಣ್ಣಿನ ವಾಸನೆ. ಒಂದು ಹಾಳು ನೆಲ ಬಾಯಿ ಬಿಟ್ಟು ಎಷ್ಟು ರೀತಿ ಹೇಳಬಹುದೋ ಅಷ್ಟು ರೀತಿಯಲ್ಲಿ 'ನನ್ನ ಕೆಳಗೆ ನೀರು ನಿಂತಿದೆ' ಅಂತ ಹೇಳಿತು. ಪ್ರತಿ ಸಲವೂ ಊರು ಅದಕ್ಕೆ ಮಂಗಳಾರತಿ ಎತ್ತಿತು.

ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ನಮ್ಮ ಕಡೆ ಗಂಗೆಗೆ ನೀರನ್ನೇ ಎಡೆ ಕೊಡುವ ರೂಢಿ. ಸಿಸ್ಟರ್ನಿನಲ್ಲಿ ಸರದಿ ಕಾದು ಕೊಡ ತುಂಬಿಕೊಂಡ ಹೆಂಗಸು ಮೊದಲು ಅಂಗನವಾಡಿಗೆ ಬಂದು ಒಂದು ತಂಬಿಗೆ ನೀರು ಕಲೆಯ ಮೇಲೆ ಸುರಿದು ಹೋಗುತ್ತಿದ್ದಳು. ಕುಡಿಯಲು ಇಲ್ಲದ ನೀರು, ಒದ್ದೆ ನೆಲದ ಮೇಲೆ. ಸುರಿದಷ್ಟೂ ಕಲೆ ದೊಡ್ಡದು, ಕಲೆ ದೊಡ್ಡದಾದಷ್ಟೂ ಸುರಿಯುವವರು ಜಾಸ್ತಿ. ಸಿಸ್ಟರ್ನಿನಿಂದ ಊರಿಗೆ ನೀರು ಬಿಡುವ ನೀರುಗಂಟಿ ಎರ್ರೆಪ್ಪನೇ ಪೂಜಾರಿಯಾದ. ಉಡಿದಾರದಲ್ಲಿ ವಾಲ್ವಿನ ಚಾವಿ, ಕೈಯಲ್ಲಿ ಗಂಟೆ.

ಮಕ್ಕಳು? ಮಕ್ಕಳನ್ನು ಹೊರಗೆ ಹಾಕಿದರು. ದೇವರಿರುವ ಜಾಗದಲ್ಲಿ ಉಚ್ಚೆ ಹೊಯ್ಯುವವರು ಇರಬಾರದಲ್ಲ. ಹಿಟ್ಟಿನ ಗಿರಣಿಯ ಜಗುಲಿಯ ಮೇಲೆ, ಪಕ್ಕದಲ್ಲಿ ಬೆಲ್ಟು ಓಡುತ್ತಿರುವಾಗ, ಸುಮಂಗಲಾ ಟೀಚರ್ ಪ್ರಾಣ ಕೈಯಲ್ಲಿ ಹಿಡಿದು ಅ ಆ ಇ ಈ ಹೇಳಿಸುತ್ತಿದ್ದಳು. ಹಿಟ್ಟಿನ ಚೀಲಗಳಿಗೆ ಮಾತ್ರ ಬೇರೆ ಜಾಗವಿಲ್ಲದೆ ದೇವಿಯ ಪಕ್ಕದಲ್ಲೇ ಇದ್ದವು.

ಬೊಮ್ಮಮ್ಮನ ಭಕ್ತಿಗೆ ಮೊದಲ ಬಿರುಕು ಬಿದ್ದದ್ದು ಆ ಚೀಲಗಳಿಂದ. ಒಂದು ದಿನ ಹಿಟ್ಟು ಉಂಡ ದುರ್ಗಾ ಎಂಬ ಮಗು ವಾಂತಿ ಮಾಡಿಕೊಂಡಿತು. ದುರ್ಗಾಳ ತಾಯಿ ಹೊತ್ತು ಮೂಡುವ ಮೊದಲೇ ಕೂಲಿಗೆ ಹೋಗುವವಳು. ಆ ಮಗುವಿಗೆ ಮಧ್ಯಾಹ್ನದ ಊಟ ಅಂದರೆ ಅಂಗನವಾಡಿಯದೇ. ಬೊಮ್ಮಮ್ಮ ಚೀಲ ಸರಿಸಿ ನೋಡಿದಳು. ತಳದಲ್ಲಿ ಹಿಟ್ಟು ಹಸಿರುಗಟ್ಟಿ ಹೆಂಟೆಯಾಗಿತ್ತು. ಆಗ ಆಕೆಗೆ ಮಂಡಕ್ಕಿ ಭಟ್ಟಿ ನೆನಪಾಯಿತು. ಅಲ್ಲಿ ಚೀಲವನ್ನು ಬರೀ ಸಿಮೆಂಟಿನ ಮೇಲೆ ಇಟ್ಟರೆ ಸಾಹುಕಾರ ಅಮ್ಮ ಅಪ್ಪನ ಹೆಸರು ಹಿಡಿದು ಬೈಯುತ್ತಿದ್ದ, ಹಲಗೆಯ ಮೇಲೇ ಇಡಬೇಕು, ಇಲ್ಲದಿದ್ದರೆ ಮಂಡಕ್ಕಿ ಮೆತ್ತಗಾಗುತ್ತದೆ.

"ಟೀಚರ್, ದೇವ್ರು ಬಂದ ಮನ್ಯಾಗ ಮಕ್ಕಳ ಹಿಟ್ಟು ಕೊಳಿತೈತೇನ್ರಿ?" ಅಂತ ಕೇಳಿದಳು.

"ನಂಗೇನ್ ಗೊತ್ತು ಬೊಮ್ಮಕ್ಕ. ಮಾಳಗಿ ಸೋರಿರಬೇಕು. ಇಲ್ಲಾಂದ್ರ ನಮ್ಮ ಹುಡುಗ್ರು ಮೊದಲು ಹೊಯ್ದಿದ್ದು ಇಂಗಿರಬೇಕು."

"ಮಳಿ ಬಂದು ವರ್ಷ ಆತ್ರಿ. ಈ ಪಾಟಿ ಹೊಯ್ಯಾಕ ನಮ್ಮ ಹುಡುಗ್ರು ಏನು ಆನಿ ಮರಿ ಅದಾವೇನ್ರಿ?"

ಮರುದಿನ ಆಕೆ ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಹಾಳೆ ತಂದು, ಯಾರೂ ನೀರು ಸುರಿಯದ ಇನ್ನೊಂದು ಮೂಲೆಯಲ್ಲಿ ಹಾಸಿ, ಅಂಚಿಗೆಲ್ಲ ಕಲ್ಲು ಹೇರಿದಳು. ಬೆಳಗ್ಗೆ ಎತ್ತಿ ನೋಡಿದರೆ ಹಾಳೆಯ ಮೇಲೆ ಒಣ, ಕೆಳಗೆ ಮಂಜು ಕಟ್ಟಿದ ಹಾಗೆ ಹನಿ. ನೀರು ಮಾಳಿಗೆಯಿಂದಲ್ಲ, ಮಕ್ಕಳಿಂದಲ್ಲ, ನೆಲದ ತಳದಿಂದ. ಖುಷಿಯಲ್ಲಿ ಹಾಳೆ ಹಿಡಿದುಕೊಂಡೇ ಪಾಲಯ್ಯನ ಮುಂದೆ ಹೋಗಿ, ಪೂಜೆಗೆ ನೆರೆದ ಜನರೆದುರೇ ಇದನ್ನು ಹೇಳಿ ತೋರಿಸಿದಳು.

ಪಾಲಯ್ಯ ಹಾಳೆಯನ್ನು ಕಣ್ಣಿಗೆ ಒತ್ತಿಕೊಂಡು ಜನರ ಕಡೆ ತಿರುಗಿದ. "ಕೇಳಿದ್ರೇನ್ರಪಾ! ಬೊಮ್ಮಮ್ಮನ ಬಾಯಿಂದನ ಬಂತು. ಮ್ಯಾಲಿಂದ ಸೋರಿಲ್ಲ, ಯಾರೂ ಸುರುವಿಲ್ಲ, ತಳದಿಂದ ಬರಾಕತ್ತೈತಿ. ತಳದಿಂದ ಬರಾಕಿ ಯಾರು?"

"ಗಂಗವ್ವ!" ಅಂತು ಊರು.

ಹಾಳೆಗೂ ಕುಂಕುಮ ಬಿತ್ತು. ಸಾಕ್ಷಿ ಕೊಟ್ಟರೆ ಸುಳ್ಳು ಸಾಯುತ್ತದೆ ಅಂತ ನಂಬಿರುವ ವಿಚಾರವಂತರು ಆ ದಿನ ಸುಂಕದಗುಡ್ಡದಲ್ಲಿ ಇರಬೇಕಿತ್ತು.

ಆದರೆ ಬೊಮ್ಮಮ್ಮ ನೋಡುವುದನ್ನು ಬಿಡಲಿಲ್ಲ. ಕರೆಂಟು ಹೋಗಿ ಸಿಸ್ಟರ್ನು ತುಂಬದ ದಿನ ಕಲೆ ಬಾಡುತ್ತಿತ್ತು, ಮೋಟರು ಓಡಿದ ದಿನ ಕಲೆ ಉಬ್ಬುತ್ತಿತ್ತು. ಎರ್ರೆಪ್ಪನನ್ನು ಅಡ್ಡಹಾಕಿದಳು.

"ಏನಲೇ ಎರ್ರೆಪ್ಪ, ಕರೆಂಟ್ ಇಲ್ಲದ ದಿನ ನಿಮ್ಮವ್ವ ಯಾಕ ಬರಾದಿಲ್ಲ?"

"ದೇವ್ರಿಗೂ ಒಂದೀಟು ಸುಸ್ತು ಇರತೈತಲ್ಲಬೇ ಯಕ್ಕಾ."

"ಮೋಟ್ರು ಚಾಲೂ ಆದಕೂಡ್ಲೆ ಸುಸ್ತು ಹೋಗತೈತೇನು?"

ಎರ್ರೆಪ್ಪ ಗಂಟೆ ಅಲ್ಲಾಡಿಸಿಕೊಂಡು ನಡೆದುಬಿಟ್ಟ. ಅವನ ಕಣ್ಣು ಒಂದು ಸಲ ಪಾಲಯ್ಯನ ಮನೆ ಕಡೆ ಹೋಗಿ ಬಂದದ್ದನ್ನು ಬೊಮ್ಮಮ್ಮ ಗುರುತು ಹಾಕಿಕೊಂಡಳು.

ಈ ನಡುವೆ ಪಾಲಯ್ಯ ಸೇವೆ ಮಾಡಿಸಿದ. ಬಿರುಕು ಬಿಟ್ಟ ನೆಲದ ಮೇಲೆ ಥಳಥಳಿಸುವ ಬಿಳಿ ಟೈಲ್ಸು ಅಂಟಿಸಿದ. ಹುಣ್ಣಿನ ಮೇಲೆ ಜರಿ ಶಾಲು ಹೊದಿಸಿದ ಹಾಗೆ. ಕೆಳಗಿನ ನೀರಿಗೆ ಆರಲು ಇದ್ದ ಒಂದೇ ದಾರಿಯೂ ಮುಚ್ಚಿತು. ಸ್ವಲ್ಪ ದಿನದಲ್ಲೇ ಟೈಲ್ಸು ಒಂದೊಂದಾಗಿ ಬೆನ್ನೆತ್ತಿ ಬಿಟ್ಟುಬಂದವು. "ತಾಯಿ ಎದ್ದು ನಿಲ್ಲಾಕತ್ಯಾಳ!" ಅಂತ ಎರ್ರೆಪ್ಪ ಕೂಗಿದ. ಆ ವಾರ ಹಗರಿಬೊಮ್ಮನಹಳ್ಳಿಯಿಂದ ಟ್ರ್ಯಾಕ್ಟರುಗಳಲ್ಲಿ ಜನ ಬಂದರು.

ಅದೇ ವಾರ ತಾಲ್ಲೂಕಿನಿಂದ ಅಂಗನವಾಡಿಗಳ ಮೇಲ್ವಿಚಾರಕಿ ಬಂದರು. ಗಿರಣಿಯ ಜಗುಲಿಯನ್ನೂ ಬೆಲ್ಟನ್ನೂ ನೋಡಿ ಅವರ ಮುಖ ಕಪ್ಪಿಟ್ಟಿತು. "ಮಕ್ಕಳನ್ನ ಇಲ್ಲಿ ಕೂರಿಸೋ ಹಾಗಿಲ್ಲ. ಸೋಮವಾರದೊಳಗೆ ಕೋಣೆ ಬಿಡಿಸಿಕೊಳ್ಳಿ, ಇಲ್ಲದಿದ್ದರೆ ಕೇಂದ್ರ ಹಳ್ಳದ ಆಚೆಯ ಊರಿಗೆ ಹೋಗುತ್ತದೆ" ಅಂದರು. ಹಳ್ಳದ ಆಚೆ ಅಂದರೆ ಮೂರು ವರ್ಷದ ದುರ್ಗಾ ನಡೆದು ಹೋಗುವ ದಾರಿಯಲ್ಲ. ಅಂದರೆ ಊಟ ಇಲ್ಲ.

ಸುಮಂಗಲಾ ಅತ್ತಳು. ಬೊಮ್ಮಮ್ಮ ಅಳಲಿಲ್ಲ. ಆಕೆಗೆ ಒಂದು ಮಾತು ಅರ್ಥವಾಗಿತ್ತು. ದೇವರಿಲ್ಲ ಅಂದರೆ ಈ ಊರು ಕೇಳುವುದಿಲ್ಲ. ಇದ್ದಾಳೆ ಅಂದರೆ ಕೇಳುತ್ತದೆ.

ಶುಕ್ರವಾರ ಬೆಳಗ್ಗೆ ಪೂಜೆಗೆ ಹೆಂಗಸರೆಲ್ಲ ಕೊಡ ಹೊತ್ತು ನೆರೆದಾಗ ಆಕೆ ಮನೆಯಿಂದ ಹಾರೆ ತಂದಳು. ಹಾರೆಗೂ ಅರಿಶಿನ ಕುಂಕುಮ ಹಚ್ಚಿ, ಹೂ ಸುತ್ತಿದ್ದಳು. ಕೋಣೆಯ ನಡುವೆ ನಿಂತು ದನಿ ತೆಗೆದಳು.

"ಯವ್ವಾ, ಗಂಗವ್ವ ಬಂದಾಳೋ ಇಲ್ಲೋ? ಒಬ್ಬರಾರ ಹೇಳ್ರಿ."

"ಬಂದಾಳ, ಬಂದಾಳ."

"ನಿಮ್ಮ ಹೊಲದಾಗ ಗಂಗವ್ವ ಕಂಡ್ರ ಪೂಜಿ ಮಾಡಿ ಸುಮ್ಕ ಮನಿಗೆ ಬರ್ತೀರೇನು?"

ಆಗ ಊರಿಗೇ ಹಿರಿಯಳಾದ ಎರ್ರೆಮ್ಮ, ಕಂಕುಳಲ್ಲಿ ಖಾಲಿ ಕೊಡ ಇಟ್ಟುಕೊಂಡವಳು, "ಅಗಿತೀವಿ" ಅಂದಳು.

"ಹಂಗಾದ್ರ ಇಲ್ಲಿ ಬಂದಾಕಿನ್ನ ಸಿಮೆಂಟಿನ ಕೆಳಗ ಯಾಕ ತುಳದು ಕುಂದ್ರಿಸೀವಿ? ಆಕಿ ನೆಲ ಸೀಳಿ, ಟೈಲ್ಸ್ ಕಿತ್ತು, ಹೊರಗ ಬಿಡ್ರೋ ಬಿಡ್ರೋ ಅನ್ನಾಕತ್ಯಾಳ. ಊರಾಗ ಕುಡ್ಯಾಕ ನೀರಿಲ್ಲ. ಅಗಿರಿ. ಬಾವಿ ಮಾಡ್ರಿ!"

ಪಾಲಯ್ಯ ಓಡಿ ಬಂದ. "ಏಯ್ ಬೊಮ್ಮಮ್ಮ! ದೇವಿಗೆ ಹಾರಿ ತಾಗಿಸ್ತೀಯೇನು? ಊರಿಗೆ ಪಾಪ ಹತ್ತತೈತಿ!"

"ನೀರು ಕುಡದ್ರ ಯಾವ ಪಾಪಲೇ ಪಾಲಯ್ಯ?" ಅಂತ ಎರ್ರೆಮ್ಮ ಕೊಡ ಕೆಳಗಿಟ್ಟಳು. "ನಿನ್ನ ಹೊಲದಾಗ ಗಂಗಿಪೂಜಿ ಮಾಡಿ, ಆಮ್ಯಾಲೆ ಬೋರು ಕೊರಸಿದ್ಯೋ ಇಲ್ಲೋ? ನಿನ್ನ ಹೊಲದ ಗಂಗವ್ವಗ ನೋವಾಗಲಿಲ್ಲ, ನಮ್ಮ ಗಂಗವ್ವಗ ನೋವಾಗತೈತೇನು?"

"ಅದು ಬ್ಯಾರೆ ಇದು ಬ್ಯಾರೆ ಅಜ್ಜಿ..."

"ಹೌದಪ್ಪಾ, ಅದು ನಿಂದು. ಇದು ಊರಿಂದು."

ಹೆಂಗಸರು ಬಾಗಿಲಿಗೆ ಅಡ್ಡವಾಗಿ ನಿಂತರು. "ಮೊದಲ ಕುಂಕುಮ ಇಟ್ಟಾಕಿ ನಾನು, ಮೊದಲ ಪೆಟ್ಟೂ ನಂದ" ಅಂತ ಬೊಮ್ಮಮ್ಮ ಹಾರೆ ಎತ್ತಿ ಹಾಕಿದಳು.

ಆ ನೆಲ ಪೆಟ್ಟಿಗೆ ಎದುರಾಡಲೂ ಇಲ್ಲ. ಟೈಲ್ಸು ಹಾರಿತು, ಅದರಡಿಯ ಕಾಂಕ್ರೀಟು ಹಳಸಿದ ರೊಟ್ಟಿಯ ಹಾಗೆ ಪದರು ಪದರಾಗಿ ಕೈಗೆ ಬಂತು. ಕೆಳಗೆ ತುಂಬಬೇಕಾದ ಗರಸು ಮಣ್ಣು ಇರಲಿಲ್ಲ, ಜಲ್ಲಿಕಲ್ಲು ಇರಲಿಲ್ಲ. ಕಣಕದ ಹಾಗೆ ನಾದಿದ ಎರೆಮಣ್ಣು, ಅದರಲ್ಲಿ ಹೂತ ಖಾಲಿ ಸಿಮೆಂಟು ಚೀಲ, ಬೀಡಿ ಕಟ್ಟಿನ ಕಾಗದ. ಇನ್ನೂ ಸ್ವಲ್ಪ ಅಗೆದಾಗ ಗಂಗಮ್ಮ ಸಿಕ್ಕಳು. ಒಂದು ಪ್ಲಾಸ್ಟಿಕ್ ಪೈಪು. ಅದರ ಜೋಡಣೆಗೆ ಹಳೆಯ ಸೈಕಲ್ ಟ್ಯೂಬು ಸುತ್ತಿ ಬಿಗಿದಿದ್ದರು. ಟ್ಯೂಬಿನ ಸಂದಿಯಿಂದ ನೀರು ಬುಳುಬುಳು ಬರುತ್ತಿತ್ತು.

ಎರ್ರೆಪ್ಪ ಯಾರೂ ಹೇಳದೆಯೇ ಗಂಟೆ ಕೆಳಗಿಟ್ಟು, ಉಡಿದಾರದ ಚಾವಿ ಬಿಚ್ಚಿಕೊಂಡು ಸಿಸ್ಟರ್ನಿನ ಕಡೆ ಹೋದ. ವಾಲ್ವು ತಿರುಗಿದ ಕೂಡಲೆ ಗಂಗಮ್ಮ ನಿಂತಳು.

ಪೈಪು ಸಿಸ್ಟರ್ನಿನಿಂದ ಹೊರಟು, ಮಕ್ಕಳ ಕೋಣೆಯ ಹೊಟ್ಟೆಯೊಳಗೆ ಹಾದು, ಹಿಂದಿನ ಗೋಡೆಯಡಿಯಲ್ಲಿ ತೂರಿ ನೆಟ್ಟಗೆ ಪಾಲಯ್ಯನ ಅಂಗಳಕ್ಕೆ ಹೋಗಿತ್ತು. ಸುತ್ತು ಹಾಕಿದರೆ ಪೈಪು ಜಾಸ್ತಿ ಬೇಕು, ಜನರ ಕಣ್ಣಿಗೂ ಬೀಳುತ್ತದೆ. ಆದ್ದರಿಂದ ನೆಲ ಹಾಕುವ ಮೊದಲೇ ಹೂತಿದ್ದ. ಆ ಅಂಗಳದಲ್ಲಿ ಒಂದು ತೆಂಗಿನ ಗಿಡವಿತ್ತು. ಆ ಬರಗಾಲದಲ್ಲಿ ಊರಿನಲ್ಲಿ ಹಸಿರಾಗಿದ್ದ ಒಂದೇ ತೆಂಗು. ಇದಕ್ಕೆ ನೀರು ಹಾಕುವ ದೇವರು ಯಾವುದು ಅಂತ ಯಾರೂ ಕೇಳಿರಲಿಲ್ಲ.

ಪಾಲಯ್ಯ ಗುಂಡಿಯೊಳಗೆ ಬಗ್ಗಿ ನೋಡಿ, ಗಡ್ಡ ಕೆರೆದುಕೊಂಡು, "ಇದನ್ನ ಯಾರು ಹಾಕಿರಬೌದು?" ಅಂದ.

"ಗಂಗವ್ವನ ಹಾಕ್ಕೊಂಡಿರಬೇಕು ಬಿಡಪಾ," ಅಂದಳು ಎರ್ರೆಮ್ಮ. "ನಿಮ್ಮನಿಗೆ ಬರಾಕ ಆಕಿಗೂ ದಾರಿ ಬೇಕಲ್ಲ."

ನಾನು ಆಮೇಲೆ ಬೊಮ್ಮಮ್ಮನನ್ನು ಕೇಳಿದೆ, ಪೈಪು ಇದೆ ಅಂತ ನಿನಗೆ ಮೊದಲೇ ಖಾತ್ರಿ ಇತ್ತೇನು ಅಂತ. ಆಕೆ ಎಲೆಯಡಿಕೆ ಉಗುಳಿ ಬಂದು ಹೇಳಿದಳು: "ಖಾತ್ರಿ ಎಲ್ಲಿತ್ರಿ. ಗಂಗವ್ವ ಸಿಕ್ಕಿದ್ರ ಊರಿಗೆ ಬಾವಿ ಆಕಿತ್ತು. ಪೈಪು ಸಿಕ್ಕಿದ್ರ ಮಕ್ಕಳಿಗೆ ಕ್ವಾಣಿ ಆಕಿತ್ತು. ಯಾವುದು ಸಿಕ್ಕಿದ್ರೂ ನಮಗ ಬೇಕಾಗಿದ್ದ."

ಸೋಮವಾರ ಮೇಲ್ವಿಚಾರಕಿ ಬಂದಾಗ ಕೋಣೆಯಲ್ಲಿ ನೆಲವೇ ಇರಲಿಲ್ಲ. "ಇದೇನಮ್ಮ, ಗುಂಡಿ!" ಅಂದರು. "ಗುಂಡಿ ಐತ್ರಿ ಮೇಡಂ, ದೇವ್ರಿಲ್ಲ," ಅಂದಳು ಬೊಮ್ಮಮ್ಮ. "ಗುಂಡಿ ಮುಚ್ಚಬೌದ್ರಿ. ದೇವ್ರನ್ನ ಎಬ್ಬಸಾಕ ಆಕ್ಕಿದ್ದಿಲ್ಲ." ಅವರು ನಕ್ಕರು. ನಕ್ಕ ಮೇಲೆ ಸಿಟ್ಟು ಮಾಡುವುದು ಕಷ್ಟ. ಮುಂಗಾರು ಶುರುವಾಗುವವರೆಗೆ ಗಡುವು ಕೊಟ್ಟರು.

ದುರಸ್ತಿ ಕೆಲಸ ಯಾರಿಗೆ ಬಂತು ಅಂತೀರಿ? ಪಾಲಯ್ಯನ ಬಾಮೈದನಿಗೇ. ನಮ್ಮಲ್ಲಿ ಕೆಡಿಸಿದವನಿಗೇ ಸರಿಮಾಡುವ ಹಕ್ಕು, ಯಾಕೆಂದರೆ ಎಲ್ಲಿ ಕೆಟ್ಟಿದೆ ಅಂತ ಅವನಿಗಲ್ಲದೆ ಇನ್ನಾರಿಗೆ ಗೊತ್ತು! ಆದರೆ ಈ ಸಲ ಬೊಮ್ಮಮ್ಮ ಬಾಗಿಲಲ್ಲೇ ಕೂತಳು. ಕೊಟ್ಟೂರಿನ ಮೇಸ್ತ್ರಿ ಮೌನೇಶ ಮೊದಲೇ ಹೇಳಿದ್ದ: "ಸಿಮೆಂಟು ಅಂದ್ರ ಕಬ್ಬಿಣ ಅಲ್ಲ ಯಕ್ಕಾ, ಅರಿವಿ ಇದ್ದಂಗ. ಅಡ್ಯಾಗ ಹಸಿ ಇದ್ರ ಹೀರಿಕೊಂಡು ಮ್ಯಾಲೆ ತರತೈತಿ. ಹಸಿ ಮ್ಯಾಲೆ ಬರದಂಗ ತಳ ಕಟ್ಟಸು." ಪೈಪನ್ನು ಕೋಣೆಯ ಹೊರಗಿನಿಂದ ಸುತ್ತಿಸಿ ಊರಿನ ನಲ್ಲಿಗೆ ಕೊಟ್ಟರು. ಎರೆಮಣ್ಣು ಬಗೆದು ತೆಗೆದು ಗರಸು ತುಂಬಿ ದಮ್ಮಸು ಹೊಡೆದು ಗಟ್ಟಿ ಮಾಡಿದರು. ಅದರ ಮೇಲೆ ಜಲ್ಲಿ, ಮೇಲೊಂದು ದಪ್ಪ ಪ್ಲಾಸ್ಟಿಕ್ ಹಾಳೆ ಹರಿಯದ ಹಾಗೆ ಹಾಸಿ, ಆಮೇಲೆ ಕಾಂಕ್ರೀಟು. ಬಾಮೈದ ಹಾಳೆ ಇಲ್ಲದೆಯೇ ಕಾಂಕ್ರೀಟಿನ ಬುಟ್ಟಿ ಎತ್ತಿಸಿದಾಗ ಬೊಮ್ಮಮ್ಮ ಜಲ್ಲಿಯ ಮೇಲೆ ಹೋಗಿ ಕಾಲು ಚಾಚಿ ಕೂತಳು. "ಹಾಕು, ನನ್ನ ಮ್ಯಾಲೆ ಹಾಕು. ನಾಳೆ ನಾನೂ ಒಂದು ದೇವ್ರು ಆಕ್ಕೀನಿ." ಹಾಳೆ ಬಂತು. ಗೋಡೆಗೆ ಒತ್ತಿಕೊಂಡಿದ್ದ ಬಟ್ಟೆ ಒಗೆಯುವ ಕಲ್ಲನ್ನೂ ದೂರ ಹೊತ್ತು ಹಾಕಿಸಿ, ನೀರು ಗೋಡೆಯಿಂದ ಆಚೆ ಹರಿಯುವ ಹಾಗೆ ಇಳಿಜಾರು ಮಾಡಿಸಿದಳು. ಒಗೆಯುವ ಹೆಂಗಸರಿಂದ ಅದಕ್ಕೂ ಬೈಸಿಕೊಂಡಳು.

ಮಜಾ ಕೇಳಿ. ಹೊಸ ಕಾಂಕ್ರೀಟು ಗಟ್ಟಿಯಾಗಬೇಕಾದರೆ ಮೊದಲ ಕೆಲವು ದಿನ ಅದಕ್ಕೆ ನೀರು ಉಣಿಸಬೇಕು. ಈ ನೆಲಕ್ಕೆ ನಿಜವಾಗಿ ನೀರು ಬೇಕಾಗಿದ್ದು ಆಗ ಮಾತ್ರ. ಆಗ ಒಂದು ತಂಬಿಗೆಯೂ ಬರಲಿಲ್ಲ! "ಕುಡ್ಯಾಕ ನೀರಿಲ್ಲ, ನೆಲಕ್ಕ ಹಾಕ್ತಾರೇನಬೇ" ಅಂದರು, ಮೊನ್ನೆಯವರೆಗೆ ನೆಲಕ್ಕೇ ಸುರಿದವರು. ಬೊಮ್ಮಮ್ಮನೂ ಜೋಗಪ್ಪನೂ ಹೊತ್ತು ಹಾಕಿದರು. ಆಮೇಲೆ ಆಕೆ ಅದನ್ನು ಆರಲು ಬಿಟ್ಟಳು. ಪಾಲಯ್ಯ ಉದ್ಘಾಟನೆಯ ಅವಸರಕ್ಕೆ, ಇನ್ನೂ ಆರದ ನೆಲಕ್ಕೆ ಕೆಂಪು ಬಣ್ಣ ಬಳಿಯಲು ಆಳು ಕಳಿಸಿದ. ಆಕೆ ಡಬ್ಬಿಯ ಸಮೇತ ವಾಪಸ್ ಕಳಿಸಿದಳು.

ಗಂಗಮ್ಮನ ಫೋಟೋ ಈಗ ಪಾಲಯ್ಯನ ಅಂಗಳದ ತೆಂಗಿನ ಬುಡದಲ್ಲಿದೆ. ವಿಳಾಸ ಕಡೆಗಾದರೂ ಸರಿಯಾಯಿತು. ತೆಂಗು ಮಾತ್ರ ಒಣಗುತ್ತಾ ಬಂದಿದೆ.

ಮೋಡ ಕಟ್ಟತೊಡಗಿದ ಒಂದು ಸಂಜೆ ಬೊಮ್ಮಮ್ಮ ಅದೇ ಗೊಬ್ಬರದ ಚೀಲದ ಹಾಳೆಯನ್ನು, ಕುಂಕುಮದ ಕಲೆ ಇನ್ನೂ ಹೋಗದಿದ್ದುದನ್ನು, ಹೊಸ ನೆಲದ ಮೇಲೆ ಹಾಸಿ ಅಂಚಿಗೆ ಕಲ್ಲು ಹೇರಿ ಬೀಗ ಹಾಕಿಕೊಂಡು ಹೋದಳು. ಬೆಳಗ್ಗೆ ಬಾಗಿಲು ತೆಗೆದಾಗ ಹಿಂದೆ ಸುಮಂಗಲಾ, ಆಕೆಯ ಹಿಂದೆ ಮಕ್ಕಳ ಸಾಲು. ಬೊಮ್ಮಮ್ಮ ಹಾಳೆ ಎತ್ತಿ, ಕೆಳಗಿನ ನೆಲಕ್ಕೆ ಅಂಗೈ ಒತ್ತಿದಳು. ಹಿಂಗೈ ಒತ್ತಿದಳು. ಕೆನ್ನೆಯನ್ನೂ ಒತ್ತಿ ನೋಡಿದಳು.

"ಒಣ ಐತ್ರಿ ಟೀಚರ್" ಅಂದಳು.

ದುರ್ಗಾ ಯಾರನ್ನೂ ಕೇಳದೆ ಒಳಗೆ ಹೋಗಿ, ಗಂಗಮ್ಮ ಎದ್ದಿದ್ದ ಮೂಲೆಯಲ್ಲೇ ತಟ್ಟೆ ಮುಂದಿಟ್ಟುಕೊಂಡು ಕೂತಳು.

ಅಷ್ಟರಲ್ಲಿ ಎರ್ರೆಮ್ಮ ತುಂಬಿದ ಕೊಡ ಹೊತ್ತು ಬಂದಳು. ಪೈಪು ನೋಡಿದವಳೇ, ಆದರೂ ಅಷ್ಟು ದಿನದ ರೂಢಿ, ಕಾಲು ತಾನಾಗಿ ಒಳಗೆ ಬಂದಿತ್ತು. ಮೂಲೆಯಲ್ಲಿ ಮಗು ಕೂತಿದ್ದು ಕಂಡು, ತಂಬಿಗೆ ಹಿಡಿದುಕೊಂಡು ಎಲ್ಲಿ ಸುರಿಯಬೇಕೆಂದು ತಿಳಿಯದೆ ನಿಂತಳು.

ಬೊಮ್ಮಮ್ಮ ಮಕ್ಕಳು ಕುಡಿಯುವ ನೀರಿನ ಗಡಿಗೆಯ ಮುಚ್ಚಳ ತೆಗೆದಳು.

"ಇಲ್ಲಿ ಹಾಕಬೇ."